ಇನ್ನೂರ ಹದಿನೇಳನೇ ಕಾರ್ಡು

"ಫ್ಯಾನ್ ಹಾಕ್ಬೇಡಿ ಮಾಸ್ಟ್ರೇ. ಒಂದು ಕಾರ್ಡು ಹಾರಿದ್ರೂ ನಾನು ಕೆಟ್ಟೆ" ಎಂದು ಟೇಪಕ್ಕ ಬಾಗಿಲಲ್ಲೇ ನಿಂತು ಹೇಳಿದರು.

ಕಟಿಂಗ್ ಮಾಸ್ಟರು ಸ್ವಿಚ್ಚಿನ ಮೇಲಿಟ್ಟಿದ್ದ ಕೈ ಹಿಂದಕ್ಕೆ ತೆಗೆದುಕೊಂಡರು. ಬಸ್ ಡಿಪೋದ ಸೀಟು ವಿಭಾಗಕ್ಕೆ ಅವತ್ತು ವಾರದ ರಜೆ. ಹೊಲಿಗೆ ಮಷಿನ್ನುಗಳೆಲ್ಲ ಮುಸುಕು ಹಾಕಿಕೊಂಡು ಕೂತಿದ್ದವು. ಗೋಡೆಗೆ ಒರಗಿಸಿದ್ದ ಹಳೆಯ ಸೀಟುಗಳ ಹೊಟ್ಟೆಯಿಂದ ಸ್ಪಂಜು ಇಣುಕುತ್ತಿತ್ತು. ನಡುವೆ ರೆಕ್ಸಿನ್ ಹಾಸಿ ಕತ್ತರಿಸುವ ಮೇಜು, ನಲವತ್ತಡಿ ಉದ್ದ, ಆರಡಿ ಅಗಲ. ಮಾಸ್ಟರು ಬೆಳಿಗ್ಗೆ ಬೇಗ ಬಂದು ಅದರ ಮೇಲಿನ ಸೀಮೆಸುಣ್ಣದ ಪುಡಿಯನ್ನು ಒದ್ದೆ ಬಟ್ಟೆಯಿಂದ ಎರಡು ಸಲ, ಒಣ ಬಟ್ಟೆಯಿಂದ ಒಂದು ಸಲ ಒರೆಸಿಟ್ಟಿದ್ದರು.

ಕಾರ್ಡುಗಳ ಕೊನೆಯ ಪೆಟ್ಟಿಗೆಯನ್ನು ಮಾಸ್ಟರ ಅಳಿಯ ವ್ಯಾನಿನಿಂದ ಹೊತ್ತು ತಂದ. ಅದೇ ಡಿಪೋದಲ್ಲಿ ಬಸ್ಸಿನ ಮೈಗೆ ತಗಡು ಹೊಡೆಯುವವನು. ಮಾವ ಕರೆದರೆಂದು ರಜೆಯ ದಿನ ಮಗುವನ್ನು ಆಡಿಸುವುದು ಬಿಟ್ಟು ಬಂದಿದ್ದ. ಪೆಟ್ಟಿಗೆ ಇಳಿಸುವಾಗ ಅವನ ಅಂಗಿಯಿಂದ ಸಿಗರೇಟಿನ ವಾಸನೆ ಬಂತು. ಮಾಸ್ಟರ ಮೂಗು ಆ ವಿಷಯದಲ್ಲಿ ಎಂದೂ ಮೋಸ ಹೋದದ್ದಲ್ಲ. ಅವರು ಮುಖ ಬೇರೆ ಕಡೆ ತಿರುಗಿಸಿದರು.

ಅವರು ಮನಸ್ಸಿನಲ್ಲೇ ಒಂದು ಏರ್ಪಾಡು ಮಾಡಿಕೊಂಡಿದ್ದರು. ಪೆಟ್ಟಿಗೆಗಳೆಲ್ಲ ಒಳಗೆ ಬಂದ ಮೇಲೆ ಅಳಿಯನನ್ನು ಟೀ ತರಲು ಕಳಿಸುವುದು. ಅವನು ಹೋಗಿ ಬರುವಷ್ಟರಲ್ಲಿ ಟೇಪಕ್ಕನಿಗೆ ಹೇಳಬೇಕಾದ ಆ ಒಂದು ಮಾತನ್ನು ಹೇಳಿ ಮುಗಿಸುವುದು. ಇಪ್ಪತ್ತೆರಡು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು. ಅಳಿಯನ ಕಿವಿಗೆ ಮಾತ್ರ ಅದು ಬೀಳಬಾರದು.

ಟೇಪಕ್ಕ ವೃತ್ತಿಯಿಂದ ನರ್ಸು. ಇಪ್ಪತ್ತೆರಡು ವರ್ಷದ ಹಿಂದೆ ಊರಿನ ನಾಲ್ಕೂ ಡಿಪೋಗಳ ಕೆಲಸಗಾರರನ್ನು ಸೇರಿಸಿಕೊಂಡು ಒಂದು ಅಧ್ಯಯನ ಶುರುವಾಗಿತ್ತು. ಯಾರು ಹೇಗೆ ಬದುಕುತ್ತಾರೆ, ಅವರಲ್ಲಿ ಯಾರಿಗೆ ಮುಂದೆ ಕ್ಯಾನ್ಸರ್ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ವರ್ಷ ವರ್ಷವೂ ಬರೆದಿಡುವ ಕೆಲಸ. ಆಕೆ ಒಂದು ಕೈಯಲ್ಲಿ ತೂಕದ ಯಂತ್ರ, ಇನ್ನೊಂದರಲ್ಲಿ ಕಾರ್ಡಿನ ಪೆಟ್ಟಿಗೆ ಹಿಡಿದು ಬರುತ್ತಿದ್ದರು. ಸೊಂಟದ ಸುತ್ತಳತೆ ತೆಗೆಯುವ ಟೇಪು ಕುತ್ತಿಗೆಯಲ್ಲಿ ನೇತಾಡುತ್ತಿದ್ದದ್ದರಿಂದ ಸೀಟು ವಿಭಾಗದವರು ಟೇಪಕ್ಕ ಎಂದು ಕರೆದರು. ಅಂಥದ್ದೇ ಟೇಪು ಮಾಸ್ಟರ ಕುತ್ತಿಗೆಯಲ್ಲೂ ಇತ್ತು, ಹಾಗಾಗಿ ಆಕೆ ಬೇಸರ ಮಾಡಿಕೊಳ್ಳಲಿಲ್ಲ. ಈಗ ಕಾರ್ಡುಗಳಲ್ಲಿದ್ದದ್ದೆಲ್ಲ ಕಂಪ್ಯೂಟರಿಗೆ ಸೇರಿ ಆಗಿತ್ತು. ನಾಳೆ ಕಾರ್ಡುಗಳು ದೊಡ್ಡ ಕಚೇರಿಯ ಗೋದಾಮಿಗೆ ಹೋಗುತ್ತವೆ, ಮುಂದಿನ ತಿಂಗಳು ಆಕೆಯೂ ನಿವೃತ್ತಿ. ಅದಕ್ಕೆ ಮುಂಚೆ ಎಲ್ಲವನ್ನೂ ಒಂದೇ ಕಡೆ ಹರಡಿ ಕಣ್ಣಾರೆ ನೋಡಬೇಕೆಂದು ಆಕೆಗೆ ಆಸೆ. ಆಕೆಯ ಕೋಣೆಯ ಮೇಜಿನ ಮೇಲೆ ನೂರು ಕಾರ್ಡೂ ಹಿಡಿಯುತ್ತಿರಲಿಲ್ಲ. ಇದನ್ನು ಕೇಳಿದಾಗ ಮಾಸ್ಟರು ಆಸ್ಪತ್ರೆಯ ಮಂಚದ ಮೇಲಿದ್ದರು. ಅಷ್ಟುದ್ದದ ಮೇಜು ಇರುವುದು ನಮ್ಮಲ್ಲೇ ಎಂದು ಅಲ್ಲಿಂದಲೇ ಮಾತು ಕೊಟ್ಟಿದ್ದರು.

ಮಾತು ಕೊಡುವುದರಲ್ಲಿ ಅವರದ್ದೂ ಒಂದು ಸ್ವಾರ್ಥ ಇತ್ತು.

ಅಧ್ಯಯನ ಶುರುವಾದ ವರ್ಷ ಟೇಪಕ್ಕ, ಹೊಗೆ, ಕುಡಿತ, ತೂಕ, ನಡಿಗೆ, ತರಕಾರಿ, ಉಪ್ಪು, ಕರಿದದ್ದು ಹೀಗೆ ಏಳು ಅಭ್ಯಾಸಗಳ ಬಗ್ಗೆ ಮುದ್ರಿಸಿದ ಫಾರಂ ಹಂಚಿ, ತುಂಬಿಸಿಡಿ, ಮುಂದಿನ ವಾರ ಬಂದು ತೆಗೆದುಕೊಳ್ಳುತ್ತೇನೆ ಎಂದು ಹೇಳಿ ಹೋಗಿದ್ದರು. ಸೀಟು ವಿಭಾಗದ ಹನ್ನೊಂದು ಜನಕ್ಕೆ ಫಾರಂ ಎಂದರೆ ಪರೀಕ್ಷೆ, ಪರೀಕ್ಷೆ ಎಂದರೆ ಪಕ್ಕದವನದ್ದು ನೋಡಿ ಬರೆಯುವುದು. ಉಗ್ರಾಣದ ಗುಮಾಸ್ತ ಓದಿದವನು, ಅಂದವಾಗಿ ಬರೆಯುವವನು. ಬೀಡಿ ಸಿಗರೇಟು ಮುಟ್ಟದವನು, ಕುಡಿಯದವನು, ದಿನಾ ಮುಕ್ಕಾಲು ಗಂಟೆ ನಡೆದು ಕೆಲಸಕ್ಕೆ ಬರುವವನು, ಡಬ್ಬಿಯ ತುಂಬ ಹಸಿ ತರಕಾರಿ ತರುವವನು. ಎಲ್ಲರೂ ಅವನ ಫಾರಮ್ಮನ್ನೇ ಇಳಿಸಿಕೊಂಡರು. ಟೇಪಕ್ಕ ಬಂದು ನೋಡಿದರೆ ಹನ್ನೊಂದು ಜನರ ಎತ್ತರವೂ ಒಂದೇ, ಸೊಂಟವೂ ಒಂದೇ. ನೂರು ಕಿಲೋ ತೂಗುತ್ತಿದ್ದ ಹೊಲಿಗೆಯವನ ಸೊಂಟ ಮೂವತ್ತೆರಡು ಇಂಚು. ಒಬ್ಬನಂತೂ ಗುಮಾಸ್ತನ ಹುಟ್ಟಿದ ತಾರೀಖನ್ನೂ ಬಿಟ್ಟಿರಲಿಲ್ಲ. ಆಕೆ ನಕ್ಕು ನಕ್ಕು ಸುಸ್ತಾಗಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೊಸದಾಗಿ ಕೇಳತೊಡಗಿದರು. ಎಲ್ಲರೂ ಹಲ್ಲು ಕಿರಿಯುತ್ತಾ ನಿಜ ಒಪ್ಪಿಕೊಂಡರು.

ಮಾಸ್ಟರು ಮಾತ್ರ ಒಪ್ಪಿಕೊಳ್ಳಲಿಲ್ಲ. ಆಗ ಅವರಿಗೆ ಮೂವತ್ತಾರು. ಸಣಕಲು ಮೈ, ಕುಡಿತವಿಲ್ಲ, ಟೇಪಿಗೂ ತೂಕಕ್ಕೂ ಅವರ ಫಾರಂ ಹೇಗೋ ತಾಳೆಯಾಗಿಬಿಟ್ಟಿತು. ಟೇಪಕ್ಕ ಎಲ್ಲರಿಗೂ ಕೇಳುವ ಹಾಗೆ, "ನೋಡಿ, ಇವರೊಬ್ಬರದ್ದು ಸರಿ ಇದೆ. ಏಳಕ್ಕೆ ಏಳು" ಎಂದುಬಿಟ್ಟರು. ಜೇಬಿನಲ್ಲಿ ಅರ್ಧ ಪ್ಯಾಕು ಸಿಗರೇಟು ಇಟ್ಟುಕೊಂಡು ಕೂತಿದ್ದ ಮಾಸ್ಟರು ಜೇಬನ್ನು ಅಂಗೈಯಿಂದ ಮುಚ್ಚಿಕೊಂಡರು. ಹುಟ್ಟಿದಂದಿನಿಂದ ಯಾರೂ ಅವರಿಗೆ ಪೂರ್ತಿ ಅಂಕ ಕೊಟ್ಟಿರಲಿಲ್ಲ.

ಆಕೆ ಅತ್ತ ಹೋದದ್ದೇ ತಡ, ವಿಭಾಗದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಏಳಕ್ಕೇಳು, ಬೆಂಕಿಪೊಟ್ಟಣ ಕೊಡೋ ಎಂದು ಕೀಟಲೆ ಮಾಡಿದರು. ಹೆಸರು ಅಂಟಿಕೊಂಡಿತು. ಮಾಸ್ಟರಿಗೆ ಒಳಗೊಳಗೇ ಚುಚ್ಚುತ್ತಿತ್ತು. ಮುಂದಿನ ವರ್ಷ ಆಕೆ ಮತ್ತೆ ಬಂದು ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಪೂರ್ತಿ ಸುಳ್ಳು ಹೇಳಲಾರೆ, ಅರ್ಧವಾದರೂ ನಿಜ ಇರಲಿ ಎಂದು ನಡೆಯಲು ಶುರುಮಾಡಿದರು. ಬಸ್ ಡಿಪೋದಲ್ಲಿ ಕೆಲಸ ಮಾಡುವವನು ಬಸ್ಸಿಗೆ ಹತ್ತದೆ ನಡೆದು ಬರುತ್ತಾನೆ ಎಂದು ಡ್ರೈವರುಗಳು ಹಾರನ್ ಹೊಡೆದು ಅಣಕಿಸಿದರು. ಮನೆಯಲ್ಲಿ ಹೆಂಡತಿ ತರಕಾರಿ ಹೆಚ್ಚಿ ಹೆಚ್ಚಿ ಬೇಸತ್ತು, ಆ ನರ್ಸಮ್ಮ ನಮ್ಮ ಮನೆಗೇ ಬಂದು ಹೆಚ್ಚಿಕೊಡಲಿ ಎಂದಳು.

ಸಿಗರೇಟು ಮಾತ್ರ ಬಿಡಲಿಲ್ಲ. ನಾಲ್ಕು ವರ್ಷ ತಾರಸಿಯ ನೀರಿನ ತೊಟ್ಟಿಯ ಹಿಂದೆ ನಿಂತು ಸೇದಿದರು. ನಾಲ್ಕು ವರ್ಷ ಟೇಪಕ್ಕ "ಹೊಗೆ?" ಎಂದು ಕೇಳಿದಾಗ "ಇಲ್ಲ" ಎಂದರು. "ಹಿಂದೆ ಯಾವಾಗಲಾದರೂ?" ಎಂದರೆ "ಇಲ್ಲವೇ ಇಲ್ಲ" ಎಂದರು. ನಾಲ್ಕನೇ ವರ್ಷ ಆಕೆ ಮಾತಿನ ನಡುವೆ, ಮುಂದಿನ ಸಲ ಊದಿಸಿ ನೋಡುವ ಮಷಿನ್ ತರುತ್ತೇವೆ, ಸೇದಿದವರು ತಕ್ಷಣ ಗೊತ್ತಾಗಿಬಿಡುತ್ತಾರೆ ಎಂದರು. ಮಾಸ್ಟರು ಉಳಿದಿದ್ದ ಪ್ಯಾಕನ್ನು ನೀರಿನ ತೊಟ್ಟಿಯ ಹಿಂದೆಯೇ ಎಸೆದರು. ಅವತ್ತು ಬಿಟ್ಟದ್ದು, ಬಿಟ್ಟದ್ದೇ. ಮೂರು ತಿಂಗಳು ಮನೆಯವರ ಮೇಲೆಲ್ಲ ಹರಿಹಾಯ್ದರು, ರೆಕ್ಸಿನ್ ತಪ್ಪಾಗಿ ಕತ್ತರಿಸಿ ಬೈಸಿಕೊಂಡರು, ಆದರೂ ಮತ್ತೆ ಮುಟ್ಟಲಿಲ್ಲ. ಆ ಮಷಿನ್ ಇವತ್ತಿನವರೆಗೂ ಬಂದಿಲ್ಲ.

ಕೀಟಲೆ ಮಾಡಿದವರು ಒಬ್ಬೊಬ್ಬರಾಗಿ ವರ್ಗವಾಗಿ, ನಿವೃತ್ತರಾಗಿ ಹೋದರು. ಹೊಸದಾಗಿ ಬಂದವರಿಗೆ ಏಳಕ್ಕೇಳು ಎನ್ನುವುದು ಬಿರುದಾಗಿ ಕೇಳಿಸಿತು. ಮಾಸ್ಟರಿಗೂ ಹಾಗೇ ಕೇಳಿಸತೊಡಗಿತು. ಮೂರು ವರ್ಷದ ಹಿಂದೆ ಈ ಹುಡುಗ ಮಗಳನ್ನು ಕೇಳಲು ಬಂದಾಗ, ಮಾಸ್ಟರು ಅವನನ್ನು ಅಂಗಳದಲ್ಲೇ ನಿಲ್ಲಿಸಿ, ನಾನು ಜನ್ಮದಲ್ಲಿ ಒಂದು ಸಿಗರೇಟು ಮುಟ್ಟಿದವನಲ್ಲ, ನೀನೂ ಬಿಟ್ಟು ಬಾ, ಆಮೇಲೆ ಮದುವೆಯ ಮಾತು ಎಂದಿದ್ದರು. ಹುಡುಗ ನಿಜಕ್ಕೂ ಬಿಟ್ಟೇ ಬಂದ. ಮಗಳು ಅಪ್ಪನ ಕಡೆ ನೋಡಿದ ನೋಟ ಮಾಸ್ಟರಿಗೆ ಇನ್ನೂ ನೆನಪಿದೆ.

ಎರಡು ತಿಂಗಳ ಹಿಂದೆ ಮೂತ್ರದಲ್ಲಿ ರಕ್ತ ಬಂತು. ಮೂತ್ರಕೋಶದಲ್ಲಿ ಗಡ್ಡೆ, ಕ್ಯಾನ್ಸರಿನದ್ದೇ, ಆದರೆ ಬೇಗ ಸಿಕ್ಕಿದೆ ಎಂದರು ಡಾಕ್ಟರು. ಸೇದುತ್ತಿದ್ದಿರಾ ಎಂದು ಕೇಳಿದಾಗ ಮಾಸ್ಟರ ನಾಲಿಗೆ ಅಭ್ಯಾಸಬಲದಿಂದ ಇಲ್ಲ ಎಂದಿತು. ಪಕ್ಕದಲ್ಲಿ ಕೂತಿದ್ದ ಹೆಂಡತಿ, "ಇಪ್ಪತ್ಮೂರು ವರ್ಷ ಸೇದಿದ್ದಾರೆ ಡಾಕ್ಟ್ರೇ. ಬಿಟ್ಟು ಹದಿನೆಂಟು ವರ್ಷ ಆಯ್ತು" ಎಂದಳು, ತರಕಾರಿಯ ಹೆಸರು ಹೇಳುವಷ್ಟು ಸಲೀಸಾಗಿ. ಈ ಜಾತಿಯ ಗಡ್ಡೆಗೂ ಹೊಗೆಗೂ ಹಳೆಯ ನಂಟು, ಬಿಟ್ಟದ್ದು ಒಳ್ಳೆಯದಾಯಿತು ಎಂದು ಡಾಕ್ಟರು ಬರೆದುಕೊಂಡರು. ಗಡ್ಡೆ ಕೆರೆದು ತೆಗೆದರು. ಮೂರು ತಿಂಗಳಿಗೊಮ್ಮೆ ಕೊಳವೆ ಹಾಕಿ ಒಳಗೆ ನೋಡಿಸಿಕೊಳ್ಳಬೇಕು ಎಂದರು.

ಡಿಪೋದಲ್ಲಿ ಸುದ್ದಿ ಬೇರೆಯೇ ಆಗಿ ಹಬ್ಬಿತು. ಏಳಕ್ಕೇಳಿಗೇ ಬಂತಂತೆ, ಇನ್ನು ನಾವು ಬಾಯಿ ಕಟ್ಟಿ ಏನು ಸುಖ? ತೂಕ ಇಳಿಸುತ್ತಿದ್ದವನು ಮತ್ತೆ ಕರಿದದ್ದಕ್ಕೆ ಕೈ ಹಾಕಿದ. ಅಳಿಯ ಮತ್ತೆ ಸಿಗರೇಟು ಹಚ್ಚಿದ. ಮಗಳು ಅಳುತ್ತಾ ಬಂದು ಹೇಳಿದಳು. ಕರೆದು ಕೇಳಿದರೆ ಅವನು ಮೆತ್ತಗೆ, "ಮುಟ್ಟದೆ ಇದ್ದ ನಿಮಗೇ ಬಂತಲ್ಲ ಮಾವ" ಎಂದ.  ರಾತ್ರಿ ಊಟಕ್ಕೆ ಕೂತಾಗ ಹೆಂಡತಿ, "ಹೇಳಿಬಿಡಿ. ಬಾಯಲ್ಲಿ ಹುಣ್ಣಿಟ್ಟುಕೊಂಡ ಹಾಗೆ ಎಷ್ಟು ದಿನ ಅಂತ ಇಟ್ಕೊಳ್ತೀರಿ?" ಎಂದಳು. ಟೇಪಕ್ಕನಿಗೆ ಹೇಳುತ್ತೇನೆ, ಕಾರ್ಡು ತಿದ್ದಿಸುತ್ತೇನೆ ಎಂದರು ಮಾಸ್ಟರು. ಅಳಿಯನ ಹೆಸರು ಇಬ್ಬರೂ ಎತ್ತಲಿಲ್ಲ.

ಈಗ ಟೀ ತರಲು ಅವನನ್ನು ಕಳಿಸಬೇಕೆನ್ನುವಷ್ಟರಲ್ಲಿ ಟೇಪಕ್ಕ, ಟೀ ಆಮೇಲೆ, ಮೊದಲು ಇದಕ್ಕೆ ಕೈ ಹಾಕಿ ಎಂದು ಇಬ್ಬರಿಗೂ ಒಂದೊಂದು ಪೆಟ್ಟಿಗೆ ಕೊಟ್ಟರು. ಕಾರ್ಡುಗಳ ಮೇಲೆ ಹೆಸರಿರಲಿಲ್ಲ, ನಂಬರು ಮಾತ್ರ. ಏಳರಲ್ಲಿ ಒಂದನ್ನೂ ಪಾಲಿಸದವರದ್ದು ಬಾಗಿಲ ಕಡೆಯ ತುದಿಗೆ. ಒಂದು ಪಾಲಿಸಿದವರದ್ದು ಅದರ ಪಕ್ಕಕ್ಕೆ, ಎರಡು ಅದರಾಚೆ. ಹೀಗೆ ಸಾಗಿ ಏಳೂ ಪಾಲಿಸಿದವರದ್ದು ಕಿಟಕಿಯ ಕಡೆಯ ತುದಿಗೆ. ಸೇದಿ ಬಿಟ್ಟವರದ್ದು ಮಾತ್ರ ಬೇರೆ, ಮೇಜಿನ ಅಂಚಿನುದ್ದಕ್ಕೂ ಒಂದೇ ಸಾಲು, ಬಿಟ್ಟು ಎಷ್ಟು ವರ್ಷವಾಯಿತೋ ಆ ಕ್ರಮದಲ್ಲಿ, ಈಚೆಗೆ ಬಿಟ್ಟವರು ಬಾಗಿಲ ಕಡೆ. ಕ್ಯಾನ್ಸರ್ ಬಂದವರ ಕಾರ್ಡಿನ ಮೂಲೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಕೆಂಪು ಚೀಟಿ ಅಂಟಿಸಿತ್ತು. ಸಾವಿರದ ನೂರು ಚಿಲ್ಲರೆ ಕಾರ್ಡು. ಹರಡಲು ಎರಡು ತಾಸು ಹಿಡಿಯಿತು. ಮಾಸ್ಟರದ್ದೇ ನಂಬರು, ಇನ್ನೂರ ಹದಿನೇಳು, ಅವರ ಕೈಗೇ ಬಂತು. ಮೂಲೆಯ ಕೆಂಪು ಹೊಸದಾಗಿತ್ತು. ಅದನ್ನು ಕಿಟಕಿಯ ಕಡೆ ಒಯ್ದು ಏಳರ ಗುಂಪಿನಲ್ಲಿ ಇಟ್ಟರು.

ಕೊನೆಯ ಕಾರ್ಡು ಇಟ್ಟ ಮೇಲೆ ಟೇಪಕ್ಕ ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದರು.  ಹತ್ತಿರದಿಂದ ನೋಡಿದರೆ ಅಲ್ಲೊಂದು ಕೆಂಪು, ಇಲ್ಲೊಂದು ಕೆಂಪು, ಅಷ್ಟೇ. ಮಾಸ್ಟರು ಹೊಸ ರೆಕ್ಸಿನ್ ಹಾಸಿದಾಗ ಕತ್ತರಿ ಇಡುವ ಮುಂಚೆ ಮಾಡುವ ಕೆಲಸವನ್ನೇ ಮಾಡಿದರು. ಬಾಗಿಲ ಕಡೆಯ ತುದಿಗೆ ಹೋಗಿ, ಮಂಡಿಯೂರಿ, ಕೆನ್ನೆಯನ್ನು ಮೇಜಿನ ಮಟ್ಟಕ್ಕೆ ತಂದು, ಒಂದು ಕಣ್ಣು ಮುಚ್ಚಿ ಬೆಳಕಿನ ಕಡೆಗೆ ಉದ್ದಕ್ಕೆ ನೋಡಿದರು. ಮೇಲಿಂದ ಕಾಣದ ಮಡಿಕೆ, ನೇಯ್ಗೆಯ ದೋಷ ಹಾಗೆ ನೋಡಿದರೆ ಸಿಗುತ್ತದೆ.

ಅವರು ಮುಚ್ಚಿದ್ದ ಕಣ್ಣನ್ನೂ ತೆರೆದರು.

ಹತ್ತಿರದಲ್ಲಿ ಕೆಂಪು ಒತ್ತೊತ್ತಾಗಿತ್ತು, ಸಭೆಯ ಬಾಗಿಲಲ್ಲಿ ಜನ ಕಿಕ್ಕಿರಿದ ಹಾಗೆ. ಮುಂದೆ ಹೋದಂತೆ ಸಡಿಲವಾಯಿತು. ಇನ್ನೂ ಮುಂದೆ ತೆಳುವಾಯಿತು. ಕಿಟಕಿಯ ತುದಿಯಲ್ಲಿ ಎಣಿಸುವಷ್ಟೇ ಇದ್ದವು. ಇದ್ದವು, ಇಲ್ಲವೆನ್ನುವಂತಿರಲಿಲ್ಲ. ಆದರೆ ನಲವತ್ತಡಿಯ ಉದ್ದಕ್ಕೆ ಆ ಇಳಿಜಾರು ಎಲ್ಲೂ ತಪ್ಪದೆ ಇಳಿದುಹೋಗಿತ್ತು. ಯಾರೋ ಎಲ್ಲೋ ಒಂದು ಅಡುಗೆಮನೆಯಲ್ಲಿ ಎರಡನೇ ಸಲದ ಉಪ್ಪು ಬೇಡವೆಂದದ್ದು, ಯಾರೋ ಮಂಡಿ ನೋವೆಂದು ಗೊಣಗುತ್ತಲೇ ಮೆಟ್ಟಿಲು ಹತ್ತಿದ್ದು, ಗೆಳೆಯರು ನಗುತ್ತಿರುವಾಗ ಒಬ್ಬ ಲೋಟ ಮಗುಚಿಟ್ಟದ್ದು, ಒಂದೂ ಗಾಳಿಗೆ ಹೋಗಿರಲಿಲ್ಲ. ಮಾಡಿದವರಿಗೆ ಅದು ಬರೀ ದಿನದಿನದ ಪೀಕಲಾಟ. ಒಬ್ಬರಿಗೊಬ್ಬರು ಗೊತ್ತಿಲ್ಲದ ಸಾವಿರ ಜನ, ಇಪ್ಪತ್ತೆರಡು ವರ್ಷ ತಿಂದು ನಡೆದು ಮಲಗಿ ಎದ್ದು, ತಮಗೇ ತಿಳಿಯದೆ ಇಂಥದ್ದೊಂದನ್ನು ಮಾಡಿಟ್ಟಿದ್ದರು. ಒಂದೊಂದು ಕೆಂಪಿನ ಹಿಂದೆಯೂ ಒಂದು ಮನೆ, ಒಂದು ಮಂಚ. ಕೆಂಪಿಲ್ಲದ ಒಂದೊಂದು ಕಾರ್ಡಿನ ಹಿಂದೆಯೂ ಇವತ್ತು ಬೆಳಿಗ್ಗೆ ಎದ್ದು ಮುಖ ತೊಳೆದ ಒಬ್ಬ ಮನುಷ್ಯ. ಮಾಸ್ಟರು ಎಷ್ಟೋ ಸಾವಿರ ಮೀಟರು ಬಟ್ಟೆ ನೋಡಿದವರು. ಇಷ್ಟು ದೊಡ್ಡದನ್ನು ಎಂದೂ ನೋಡಿರಲಿಲ್ಲ.

"ಟೀ ತರ್ಲಾ ಮಾವ?" ಎಂದು ಅಳಿಯ ಕೇಳಿದ.

ಮಾಸ್ಟರು ಮೇಜಿನ ಅಂಚು ಹಿಡಿದು ಎದ್ದರು. ಹೋಗಿ ಬಾ ಎನ್ನುವುದು ಎಷ್ಟು ಸುಲಭವಾಗಿತ್ತು. ಎದುರಿಗೆ ಸಾವಿರದ ನೂರು ಜನ ಮಲಗಿದ್ದ ಹಾಗಿತ್ತು, ಅವರ ನಡುವೆ ತನ್ನದೊಂದು ಸುಳ್ಳು.

"ಬೇಡ. ಇಲ್ಲೇ ಇರು" ಎಂದರು. ಆಮೇಲೆ ಕಿಟಕಿಯ ತುದಿಗೆ ನಡೆದು ಇನ್ನೂರ ಹದಿನೇಳನ್ನು ಎತ್ತಿಕೊಂಡರು. "ಅಕ್ಕ, ಈ ಕಾರ್ಡು ಇಲ್ಲಿರಬಾರ್ದು. ನಾನು ಸೇದ್ತಿದ್ದೆ. ಹದಿನೇಳನೇ ವಯಸ್ಸಿಂದ ನಲವತ್ತರವರೆಗೆ. ನೀವು ಕೇಳೋಕೆ ಶುರು ಮಾಡಿದ ಮೇಲೂ ನಾಲ್ಕು ವರ್ಷ ಸೇದಿದ್ದೀನಿ."

ಟೇಪಕ್ಕನ ಮುಖದಿಂದ ನಗು ನಿಧಾನವಾಗಿ ಇಳಿಯಿತು. ಆಕೆ ಮಷಿನ್ನಿನ ಮುಂದಿದ್ದ ಸ್ಟೂಲು ಎಳೆದುಕೊಂಡು ಕೂತರು.

"ಇಪ್ಪತ್ತೆರಡು ಸಲ ನನ್ನ ಕೈಯಾರೆ 'ಇಲ್ಲ' ಅಂತ ಬರೆದಿದ್ದೀನಿ ಮಾಸ್ಟ್ರೇ."

"ಹೂಂ."

ಮಾಸ್ಟರು ಮಿಕ್ಕದ್ದನ್ನೂ ಹೇಳಿದರು. ಗುಮಾಸ್ತನ ಫಾರಂ, ನೀರಿನ ತೊಟ್ಟಿ, ಬಾರದ ಮಷಿನ್ನು. ಬೇರೆ ದಿನವಾಗಿದ್ದರೆ ಆಕೆ ನಗುತ್ತಿದ್ದರೇನೋ. ಇವತ್ತು ನಗಲಿಲ್ಲ. ಅಳಿಯ ಮೇಜಿನ ಆಚೆ ಬದಿಯಲ್ಲಿ ನಿಂತಲ್ಲೇ ನಿಂತಿದ್ದ. ಅವನ ಕಿವಿ ಕೆಂಪಾಗಿತ್ತು.

"ನನ್ನ ಅಂಗಳದಲ್ಲಿ ನಿಲ್ಲಿಸಿ ಹೇಳಿದ್ರಲ್ಲ ಮಾವ, ಜನ್ಮದಲ್ಲಿ ಮುಟ್ಟಿಲ್ಲ ಅಂತ."

"ಸುಳ್ಳು ಹೇಳಿದ್ದೆ. ನಿನ್ನ ಮುಂದೂ, ಮಗಳ ಮುಂದೂ" ಎಂದರು ಮಾಸ್ಟರು. ಕಾರ್ಡಿನ ಕೆಂಪು ಮೂಲೆಯನ್ನು ಬೆರಳಿಂದ ಮುಟ್ಟಿ ತೋರಿಸಿದರು. "ನನಗೆ ಬಂದದ್ದು ಮುಟ್ಟದೆ ಇದ್ದದ್ದಕ್ಕಲ್ಲ ಕಣಪ್ಪ. ಇಪ್ಪತ್ಮೂರು ವರ್ಷ ಸೇದಿದ್ದೀನಿ. ನನ್ನ ನೋಡಿ ನೀನು ಮತ್ತೆ ಹಚ್ಚಿದ್ರೆ, ಆ ಸುಳ್ಳಿನ ಮೇಲೆ ಹಚ್ಚಿದ ಹಾಗೆ."

 ಮಾಸ್ಟರು ಕಣ್ಣೆತ್ತದೆ ಕಾರ್ಡನ್ನು ಟೇಪಕ್ಕನ ಕಡೆ ಚಾಚಿದರು.

ಟೇಪಕ್ಕ ಎದ್ದು ಬಂದು ಕಾರ್ಡು ಇಸಿದುಕೊಂಡರು. ಚೀಲದಿಂದ ಪೆನ್ನು ತೆಗೆದು 'ಇಲ್ಲ' ಎಂದಿದ್ದ ಕಡೆಗಳಲ್ಲಿ ಒಂದೊಂದೇ ಗೆರೆ ಎಳೆಯುತ್ತಾ ಹೋದರು, ಹಳೆಯದು ಓದಲು ಬರುವ ಹಾಗೆ. ಅಳಿಸುವಂತಿಲ್ಲ, ಮೊದಲು ಏನಿತ್ತೆಂದು ಕಾಣಬೇಕು, ಅದೇ ನಮ್ಮ ನಿಯಮ ಎಂದರು. ಪಕ್ಕದಲ್ಲಿ ಹೊಸದು ಬರೆದು, ತಾರೀಖು ಹಾಕಿ, ತಾವು ಸಹಿ ಮಾಡಿ, ಮಾಸ್ಟರಿಂದಲೂ ಸಹಿ ಹಾಕಿಸಿಕೊಂಡರು. ಕಂಪ್ಯೂಟರಿನಲ್ಲೂ ತಿದ್ದಿಸಲು ನಾಳೆಯೇ ಕಚೇರಿಗೆ ಬರೆಯುತ್ತೇನೆ ಎಂದರು. ಆಕೆಯ ದನಿ ಇನ್ನೂ ಬಿಗಿಯಾಗೇ ಇತ್ತು.

"ಕಾರ್ಡು ಹಾಳು ಮಾಡಿದ್ನಾ ಅಕ್ಕ?"

 ಆಕೆ ಮೇಜಿನ ಮೇಲೆ ಕಣ್ಣಾಡಿಸಿದರು. "ನಿಮ್ಮ ಥರ ಇನ್ನೆಷ್ಟು ಜನ ಇದ್ದಾರೋ. ಮರೆತವರು, ನಾಚಿಕೆಗೆ ಹೇಳದವರು. ನಾನೂ ಎಷ್ಟು ಕಡೆ ತಪ್ಪು ಬರೆದಿದ್ದೀನೋ" ಎಂದರು. ಆಮೇಲೆ ಮೆಲ್ಲಗೆ, ತಮಗೇ ಹೇಳಿಕೊಳ್ಳುವ ಹಾಗೆ, "ಇಷ್ಟು ಸುಳ್ಳು ಸೇರ್ಕೊಂಡೂ ಕಾಣ್ತಾ ಇದೆ ನೋಡಿ" ಎಂದರು.

 ಹೊರಗೆ ಡಿಪೋದಲ್ಲಿ ಯಾರೋ ಬಸ್ಸು ತೊಳೆಯುತ್ತಿದ್ದ ನೀರಿನ ಸದ್ದು ಬರುತ್ತಿತ್ತು. ಟೇಪಕ್ಕ ಇನ್ನೂರ ಹದಿನೇಳನ್ನು ಅಂಚಿನ ಸಾಲಿಗೆ ತಂದು, ಬಿಟ್ಟು ಹದಿನೆಂಟು ವರ್ಷವಾದವರ ನಡುವೆ ಜಾಗ ಮಾಡಿ ಇಟ್ಟರು. ಆ ಸಾಲಿನಲ್ಲೂ ಕೆಂಪು ಬಾಗಿಲ ಕಡೆ ಹೆಚ್ಚು, ವರ್ಷಗಳು ಸರಿದಂತೆ ಅಪರೂಪ. ಮಾಸ್ಟರದ್ದರ ಅಕ್ಕಪಕ್ಕದ ಹತ್ತು ಹನ್ನೆರಡು ಕಾರ್ಡುಗಳಲ್ಲಿ ಕೆಂಪು ಅವರೊಬ್ಬರದ್ದೇ. ಏಳಕ್ಕೆ ಏಳು ಹೋಗಿತ್ತು. ಅವರಿಗೆ ಭಾರ ಇಳಿಸಿದ ಹಾಗಾಯಿತು.

"ಮೂರು ವರ್ಷ ಅಂದ್ರೆ ಎಲ್ಲಿ ಬರತ್ತೆ?" ಎಂದು ಅಳಿಯ ಕೇಳಿದ. ಕೇಳಿದ್ದು ಟೇಪಕ್ಕನನ್ನು, ಮಾವನನ್ನಲ್ಲ.

ಆಕೆ ಅಂಚಿನ ಸಾಲಿನಲ್ಲಿ ಬೆರಳಿಟ್ಟು ತೋರಿಸಿದರು.

"ಆಮೇಲೆ ಒಂದೂವರೆ ತಿಂಗಳು ಮತ್ತೆ ಸೇದಿದ್ರೆ?"

"ಹಾಗಾದವರು ಬೇಕಾದಷ್ಟು ಜನ ಇದ್ದಾರೆ. ಮತ್ತೆ ಬಿಟ್ಟ ದಿನದಿಂದ ಎಣಿಸ್ತೀವಿ."

"ಅಂದ್ರೆ ಮೊದಲನೇ ದಿನ?"

ಟೇಪಕ್ಕ ಮೇಜಿನ ಬಾಗಿಲ ಕಡೆಯ ತುದಿಗೆ ಕೈ ಚಾಚಿದರು. ಅಳಿಯ ಅಂಚಿನ ಸಾಲನ್ನು ನೋಡುತ್ತಾ, ಮೂರು ವರ್ಷದ ಹತ್ತಿರ ನಿಲ್ಲದೆ, ಎರಡು ವರ್ಷ, ಒಂದು ವರ್ಷ ದಾಟಿ ಕೊನೆಯವರೆಗೆ ನಡೆದ. ಅಲ್ಲಿ ಸಾಲಿನ ಮೊದಲ ಕಾರ್ಡಿಗೂ ಮೇಜಿನ ಮೂಲೆಗೂ ನಡುವೆ ಒಂದು ಅಂಗೈಯಷ್ಟು ಮರ ಖಾಲಿ ಉಳಿದಿತ್ತು. ತಗಡು ಕೊರೆದ ಗಾಯಗಳಿದ್ದ ತನ್ನ ಕೈಯನ್ನು ಅವನು ಅದರ ಮೇಲೆ ಚಪ್ಪಟೆಯಾಗಿ ಇಟ್ಟ.

ಕಾರ್ಡುಗಳನ್ನು ಒಟ್ಟು ಮಾಡುವ ಹೊತ್ತಾಗಿತ್ತು. ಟೇಪಕ್ಕ ಖಾಲಿ ಪೆಟ್ಟಿಗೆಯನ್ನು ತೋಳಿನಲ್ಲಿ ಹಿಡಿದುಕೊಂಡು, ಅವನು ಕೈ ತೆಗೆಯುವವರೆಗೂ ಕಾಯುತ್ತಾ ನಿಂತರು.